ಮರಗಸಿ ತಂಡಕ್ಕೆ ಸ್ವಂತ ಜಾಗ ಬೇಕೆ? ಕೊಳ್ಳುವ ಮುನ್ನ ಖಾಲಿ ಕಾಫಿ ಕಣ ನೋಡಿ

ಕೊಡ್ಲಿಪೇಟೆ, ಶನಿವಾರಸಂತೆ ಸುತ್ತಿನಲ್ಲಿ ಮರಗಸಿ ಕೆಲಸ ಈಗ ಬರೀ ಕೂಲಿ ಕೆಲಸವಾಗಿ ಉಳಿದಿಲ್ಲ. ಕತ್ತಿ, ಹಗ್ಗ ಹಿಡಿದು ತೋಟಕ್ಕೆ ಹೋಗುತ್ತಿದ್ದವರು ಈಗ ಪವರ್ ಸಾ, ಏಣಿ, ಬೆಲ್ಟು, ಪಿಕಪ್ ಇಟ್ಟುಕೊಂಡು ಗುತ್ತಿಗೆ ಹಿಡಿಯುತ್ತಾರೆ. ತೋಟದ ನೆರಳು ಬಿಡಿಸುವುದರ ಜೊತೆಗೆ ಮನೆ ಮೇಲೆ ವಾಲಿದ ಮರ ಇಳಿಸುವುದು, ಮಳೆಗಾಲದಲ್ಲಿ ರಸ್ತೆಗೆ ಬಿದ್ದ ಮರ ತೆರವು ಮಾಡುವುದೂ ಸೇರಿದೆ. ಸಾಮಾನು ಹೆಚ್ಚಾದ ಹಾಗೆ ಮನೆ ಅಂಗಳ ಸಾಲುವುದಿಲ್ಲ. ಆಗ ಬರುವ ಪ್ರಶ್ನೆ: ಯಾರ್ಡಿಗೆ ಜಾಗ ಬಾಡಿಗೆಗೆ ಹಿಡಿಯುವುದೋ, ಸಾಲ ಮಾಡಿಯಾದರೂ ಕೊಳ್ಳುವುದೋ?

‘ಬಾಡಿಗೆ ಕಟ್ಟೋ ದುಡ್ಡಲ್ಲಿ ಕಂತು ಕಟ್ಟಬಹುದಲ್ಲ’ ಎನ್ನುವುದು ಎಲ್ಲರೂ ಕೊಡುವ ಸಲಹೆ. ಅದನ್ನೇ ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಜಾಗದ ಬೆಲೆ 20 ಲಕ್ಷ ರೂಪಾಯಿ, ಬಡ್ಡಿ 10% ಎಂದು ಹಿಡಿಯಿರಿ. ಮೊದಲ ವರ್ಷ ಬಡ್ಡಿಯೇ ಸುಮಾರು 2 ಲಕ್ಷ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ 31ರಿಂದ 1%ರಿಂದ 2%ಗೆ ಏರಿದ ನೋಂದಣಿ ಶುಲ್ಕ, ಎಲ್ಲ ಸೇರಿದರೆ ಇನ್ನೊಂದು ಒಂದೂವರೆ ಲಕ್ಷ. ಬೇಲಿ, ಶೆಡ್ಡು, ಲಾರಿ ತಿರುಗುವಷ್ಟು ಮಟ್ಟ ಮಾಡಿಸುವ ಖರ್ಚು ಬೇರೆ. ಅದೇ ತಿಂಗಳಿಗೆ 6 ಸಾವಿರ ಬಾಡಿಗೆ ಎಂದರೂ ವರ್ಷಕ್ಕೆ 72 ಸಾವಿರ. ಬಾಡಿಗೆ ದುಡ್ಡಲ್ಲಿ ಕಂತು ತೀರುವುದಿರಲಿ, ಬಡ್ಡಿಯೂ ತೀರುವುದಿಲ್ಲ.

ಜಾಗದ ಬೆಲೆ ಏರುತ್ತದಲ್ಲ ಎನ್ನಬಹುದು. ಏರಬಹುದು, ಆದರೆ ಅದು ಜಮೀನಿನ ಲಾಭ, ಮರಗಸಿಯ ಲಾಭವಲ್ಲ. ಮಾರದೆ ಅದು ಕೈಗೆ ಬರುವುದೂ ಇಲ್ಲ. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ, ಕೆಲಸ ಹನ್ನೆರಡು ತಿಂಗಳೂ ಇರುವುದಿಲ್ಲ.

ಆದರೆ ಕೊಡಗಿನಲ್ಲಿ ಲೆಕ್ಕಕ್ಕಿಂತ ಮೊದಲು ನೋಡಬೇಕಾದ್ದು ಕಾಗದ. 2020ರ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಅಲ್ಲಿ ಯಾರ್ಡ್ ಮಾಡಬಹುದು ಎಂದಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಆಗಬೇಕು. ಜಮ್ಮಾ ಜಾಗವಾದರೆ ಕುಟುಂಬದ ಹಕ್ಕುದಾರರೆಲ್ಲ ಒಪ್ಪಬೇಕು. ಸೋಮವಾರಪೇಟೆ ತಾಲೂಕಿನಲ್ಲಿ ರೈತರನ್ನು ಬೀದಿಗಿಳಿಸಿದ ಸಿ ಮತ್ತು ಡಿ ವರ್ಗದ ಜಾಗದ ಗೊಂದಲ ಎಲ್ಲರಿಗೂ ಗೊತ್ತಿರುವುದೇ. ಅಂಥ ಜಾಗವನ್ನು ಕಡಿಮೆಗೆ ಸಿಕ್ಕಿತೆಂದು ಕೊಂಡರೆ ಉಳಿತಾಯವೆಲ್ಲ ಒಂದು ಫೈಲಿನಲ್ಲಿ ಸಿಕ್ಕಿಬೀಳುತ್ತದೆ. ಆರ್‌ಟಿಸಿ, ಪರಿವರ್ತನೆ ಆದೇಶ, ಪಂಚಾಯಿತಿಯ ಇ-ಸ್ವತ್ತು ಮೂರೂ ಸರಿಯಿರುವ ಜಾಗವೇ ಬೇಕು. ಅದಕ್ಕೆ ಬೆಲೆಯೂ ಹೆಚ್ಚೇ.

ಹಾಗಾದರೆ ಬಾಡಿಗೆ ಸುಲಭವೇ? ಅಲ್ಲೂ ಒಂದು ಹಳೆಯ ಹೆದರಿಕೆ ಇದೆ. 1974ರಲ್ಲಿ ‘ಉಳುವವನೇ ಹೊಲದೊಡೆಯ’ ಎಂಬ ಸುಧಾರಣೆ ಬಂದಾಗಿನಿಂದ, ಬರೆದುಕೊಟ್ಟರೆ ಜಾಗ ಹೋದಂತೆ ಎಂಬ ಭಯ ಮಾಲೀಕರಿಗೆ. ಹಾಗಾಗಿ ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಮಾಲೀಕರಿಗೆ ಮನಸ್ಸು ಬದಲಾದ ದಿನ ಬಾಡಿಗೆದಾರ ಸಾಮಾನು ಹೊರಗಿಡಬೇಕು, ಅದೂ ಮಳೆಗಾಲದಲ್ಲಿ. ಕೃಷಿ ಜಮೀನನ್ನು ಗೇಣಿಗೆ ಕೊಡಲು ನಿಷೇಧವಿರುವುದು ನಿಜ. ಆದರೆ ಆ ಕಾಯ್ದೆಯ ಗೇಣಿದಾರ ಅಂದರೆ ಸಾಗುವಳಿ ಮಾಡುವವ. ಗೋದಾಮಿನಲ್ಲಿ ಹಗ್ಗ, ಏಣಿ ಇಟ್ಟವ ಗೇಣಿದಾರ ಆಗುವುದಿಲ್ಲ. ಇದನ್ನು ಮಾಲೀಕರಿಗೆ ಬಿಡಿಸಿ ಹೇಳಬೇಕು.

ಇಲ್ಲೇ ಒಂದು ದಾರಿ ಇದೆ, ಅದು ನಮ್ಮ ಕಣ್ಣೆದುರಿಗೇ ಇದೆ: ಕಾಫಿ ಕಣ. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಕಾಳುಮೆಣಸೂ ಒಣಗಿ ಏಪ್ರಿಲ್ ಹೊತ್ತಿಗೆ ಕಣ ಖಾಲಿ. ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ಮರಗಸಿ ಬಿರುಸಾಗುತ್ತದೆ, ಆಮೇಲೆ ಬಿದ್ದ ಮರದ ಕೆಲಸ. ಅಂದರೆ ತಂಡಕ್ಕೆ ಜಾಗ ಬೇಕಾದ ತಿಂಗಳುಗಳಲ್ಲೇ ಕಣ, ಅದರ ಪಕ್ಕದ ಗೋದಾಮು ಎರಡೂ ಸುಮ್ಮನೆ ಬಿದ್ದಿರುತ್ತವೆ. ಕಣಕ್ಕೆ ಗಟ್ಟಿ ನೆಲವಿದೆ, ಲಾರಿ ಬರುವ ದಾರಿಯಿದೆ, ಗೋದಾಮಿಗೆ ಬೀಗವಿದೆ. ಉಳಿದ ತಿಂಗಳಿಗೆ ಸಾಮಾನಿಡಲು ಒಂದು ಕೋಣೆ ಸಾಕು.

ಕೆಲವು ಷರತ್ತು ಮಾತ್ರ ಮರೆಯಬಾರದು. ಕಾಫಿ ಬೇಗ ವಾಸನೆ ಹೀರುತ್ತದೆ, ಆದ್ದರಿಂದ ಪೆಟ್ರೋಲು, ಆಯಿಲ್ ಗೋದಾಮಿನೊಳಗೆ ಇಡುವಂತಿಲ್ಲ. ಅಕ್ಟೋಬರಿನಲ್ಲಿ ತೊಳೆದು ಒಪ್ಪಿಸಬೇಕು. ಮರದ ದಿಮ್ಮಿ ತಂದು ಪೇರಿಸಬಾರದು. ದಿಮ್ಮಿ ಸಂಗ್ರಹ, ಸಾಗಾಟ ಎಂದ ಕೂಡಲೇ ಅರಣ್ಯ ಇಲಾಖೆಯ ನಿಯಮಗಳು ಬರುತ್ತವೆ. ಕೊಡಗಿನಲ್ಲಿ ಮರ ಯಾರದ್ದು ಎಂಬುದು ಜಾಗ ರಿಡೀಮ್ಡೋ ಅನ್‌ರಿಡೀಮ್ಡೋ ಎಂಬುದರ ಮೇಲೆ ನಿಂತಿದೆ. ಕಡಿದದ್ದು ತೋಟದಲ್ಲೇ ಇರಲಿ. ಕರಾರು ಬರಹದಲ್ಲಿರಲಿ: ಏನು ಇಡುತ್ತೇವೆ, ಎಂದು ತೆಗೆಯುತ್ತೇವೆ, ತೆರವಿಗೆ ಎಷ್ಟು ದಿನದ ನೋಟಿಸು. ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಕೆಲವೇ ತಿಂಗಳಿನದಕ್ಕೆ ಆ ಕಡ್ಡಾಯವಿಲ್ಲ. ತಂಡಕ್ಕೆ ಜಿಎಸ್‌ಟಿ ನೋಂದಣಿ ಇದ್ದು ಮಾಲೀಕರಿಗೆ ಇಲ್ಲದಿದ್ದರೆ, 2024ರ ಅಕ್ಟೋಬರ್ 10ರಿಂದ ಬಂದ ನಿಯಮದಂತೆ ವಾಣಿಜ್ಯ ಬಾಡಿಗೆಯ ಮೇಲಿನ 18% ತೆರಿಗೆ ಬಾಡಿಗೆದಾರರೇ ಕಟ್ಟಬೇಕು. ಕಾಂಪೊಸಿಷನ್ ಸ್ಕೀಮಿನಲ್ಲಿರುವವರಿಗೆ ಇದರಿಂದ ವಿನಾಯಿತಿ ಇದೆ. ಒಮ್ಮೆ ಲೆಕ್ಕಿಗರ ಹತ್ತಿರ ಕೇಳಿಕೊಳ್ಳುವುದು ಒಳ್ಳೆಯದು.

ಉಳಿದ ದುಡ್ಡು ಎಲ್ಲಿ ಹೋಗಬೇಕು ಎನ್ನುವುದೇ ನಿಜವಾದ ಪ್ರಶ್ನೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ತೋಟ ಕಾರ್ಮಿಕರು ಸತ್ತ ಸುದ್ದಿ ಕಾಫಿ ಸೀಮೆಯಲ್ಲಿ ಮತ್ತೆ ಮತ್ತೆ ಓದುತ್ತೇವೆ. ವಿದ್ಯುತ್ ಹರಿಯದ ಫೈಬರ್ ಏಣಿ, ಒಳ್ಳೆ ಬೆಲ್ಟು, ಹೆಲ್ಮೆಟ್, ಪ್ರತಿ ಆಳಿಗೂ ಅಪಘಾತ ವಿಮೆ, ಇವೆಲ್ಲ ದುಡ್ಡಿನ ಮಾತು. ಮರ ಹತ್ತುವವನಿಗೆ ವಿಮೆ ಇಲ್ಲದೆ ಯಜಮಾನನ ಹೆಸರಲ್ಲಿ ಹತ್ತು ಸೆಂಟ್ ಜಾಗ ಇದ್ದರೆ, ಒಂದು ಅಪಘಾತವಾದ ದಿನ ಆ ಜಾಗವೂ ಉಳಿಯುವುದಿಲ್ಲ.

ಎಂದೂ ಕೊಳ್ಳಲೇಬೇಡಿ ಎಂದಲ್ಲ. ಎರಡು ಮಳೆಗಾಲ, ಎರಡು ಬೇಸಗೆ ಲೆಕ್ಕ ಬರೆದಿಡಿ. ಕೆಲಸ ಕಡಿಮೆ ಇರುವ ತಿಂಗಳಲ್ಲೂ ಆಳುಗಳ ಸಂಬಳ, ವಿಮೆ ಕಟ್ಟಿ ಕಂತಿನಷ್ಟು ಉಳಿಯುತ್ತದೆ ಎಂದಾದರೆ, ಪರಿವರ್ತನೆಯಾದ ಸಣ್ಣ ಜಾಗ ಕೊಳ್ಳಿ. ಅಲ್ಲಿಯವರೆಗೆ ಕಣವೇ ಸಾಕು. ಪಂಚಾಯಿತಿಗಳೂ ಇಂಥ ಬಾಡಿಗೆಗೆ ಒಂದು ಸರಳ ಮಾದರಿ ಕರಾರು ಇಟ್ಟುಕೊಂಡರೆ ಮಾಲೀಕರ ಭಯವೂ ಹೋಗುತ್ತದೆ, ತಂಡದವರ ಪರದಾಟವೂ ತಪ್ಪುತ್ತದೆ.