ಗೃಹಸ್ಥರೊಡನೆ ಒಂದು ಮಾತು: ಬಾಗಿಲು ಮುಚ್ಚುವ ಮುನ್ನ

ನಂಜನಗೂಡು, ತಿರುಮಕೂಡಲು ನರಸೀಪುರ, ಸೋಮನಾಥಪುರ, ತಲಕಾಡು ಈ ನಾಲ್ಕನ್ನೂ ಒಂದೇ ದಿನದಲ್ಲಿ ನೋಡಿ, ರಾತ್ರಿಯ ಊಟಕ್ಕೆ ಮೈಸೂರಿನ ಮನೆಗೆ ಮರಳಬಹುದೇ ಎಂದು ಕೇಳುವ ವಾಚಕರುಂಟು. ಮರಳಬಹುದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡತಕ್ಕದ್ದು. ಈ ವಿವೇಕವು ನಮಗೆ ಸುಲಭವಾಗಿ ಬಂದುದಲ್ಲ.

ಹೋದ ವರ್ಷ ನಮ್ಮ ತಾಯಿಯವರನ್ನು ಕರೆದುಕೊಂಡು ಹೊರಟಾಗ ಭೂಪಟವೊಂದನ್ನೇ ನಂಬಿದೆವು. ಬನ್ನೂರಿನ ದಾರಿಯಾಗಿ ಹೋಗಿ, ಸೋಮನಾಥಪುರವನ್ನು ಸಾವಕಾಶವಾಗಿ ನೋಡಿಕೊಂಡು ತಲಕಾಡನ್ನು ಸೇರುವಾಗ ನಡುಹಗಲು ಮೀರಿತ್ತು. ಗುಡಿಯ ಬಾಗಿಲು ಮುಚ್ಚಿತ್ತು; ಮರಳು ಕಾದ ಬಾಣಲೆಯಂತಿತ್ತು. “ಅವನಿಗೂ ವಿಶ್ರಾಂತಿ ಬೇಡವೇನಪ್ಪಾ” ಎಂದು ತಾಯಿಯವರು ಮುಚ್ಚಿದ ಕದಕ್ಕೇ ಕೈಮುಗಿದರು. ಸಂಜೆಯವರೆಗೆ ಕಾದು, ನರಸೀಪುರವನ್ನೂ ಮುಗಿಸಿಕೊಂಡು ನಂಜನಗೂಡನ್ನು ಮುಟ್ಟಿದಾಗ ಅಲ್ಲಿಯೂ ರಾತ್ರಿಯ ಬೀಗ ಬಿದ್ದಿತ್ತು. ನಂಜುಂಡೇಶ್ವರನು ನಮ್ಮ ಮನೆದೇವರು. ಮನೆಗೆ ಬರುವವರೆಗೂ ಆಕೆ ಮಾತನಾಡಲಿಲ್ಲ. ಎಪ್ಪತ್ತೆಂಟು ವಯಸ್ಸಿನವರಿಗೆ ‘ಮುಂದಿನ ಸಲ’ ಎಂದು ಹೇಳುವುದು ಎಷ್ಟು ಕಷ್ಟವೆಂಬುದನ್ನು ಅಂದು ಅರಿತೆನು.

ಅಮೆರಿಕಾ ದೇಶದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟದ 30 ಪ್ರಮುಖ ತಂಡಗಳ ಕ್ರೀಡಾಂಗಣಗಳನ್ನೆಲ್ಲ ಸುತ್ತಿ ಬರುವ ಉತ್ಸಾಹಿಗಳಿದ್ದಾರೆ. ಆಟವಿಲ್ಲದ ದಿನ ಅಂಗಣವನ್ನು ತಲಪಿ ಫಲವೇನು? ಆದಕಾರಣ ಅವರು ಆಟದ ದಿನಗಳ ಪಟ್ಟಿಯನ್ನು ಮೊದಲು ನೋಡಿ, ದಾರಿಯನ್ನು ಆಮೇಲೆ ಹುಡುಕುತ್ತಾರೆ. ಈ ವರ್ಷ ನಾವೂ ಹಾಗೆಯೇ ಮಾಡಿದೆವು. ಗುಡಿಗಳ ವೇಳೆಯನ್ನು ಮುಂಚಿತವಾಗಿ ವಿಚಾರಿಸಿ ಬರೆದಿಟ್ಟುಕೊಂಡೆವು.

ಕತ್ತಲಿರುವಾಗಲೇ ಹೊರಟು ಬೆಳಗಿನ ಪೂಜೆಯ ಹೊತ್ತಿಗೆ ನಂಜನಗೂಡಿನಲ್ಲಿದ್ದೆವು. ಅಲ್ಲಿಂದ ಸುತ್ತೂರಿನ ಮೇಲೆ, ಕಪಿಲೆಯು ಹರಿಯುವ ದಿಕ್ಕಿನಲ್ಲಿಯೇ ನರಸೀಪುರಕ್ಕೆ ಬಂದೆವು. ಗುಂಜಾ ನರಸಿಂಹಸ್ವಾಮಿಯ ದರ್ಶನ, ಕಾವೇರಿ ಕಪಿಲೆಯರ ಸಂಗಮ, ಅಗಸ್ತ್ಯೇಶ್ವರನ ಸನ್ನಿಧಿ ಇವೆಲ್ಲವೂ ಮಧ್ಯಾಹ್ನದ ಬಾಗಿಲು ಹಾಕುವ ಮುಂಚೆಯೇ ಮುಗಿದವು.

ಇನ್ನು ಮಧ್ಯಾಹ್ನವನ್ನು ಕಳೆಯುವ ಬಗೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯವು 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪೂಜೆ ನಡೆಯುವುದಿಲ್ಲವಾದ್ದರಿಂದ ನಡುಹಗಲಿನಲ್ಲಿಯೂ ತೆರೆದಿರುತ್ತದೆ. ನರಸೀಪುರದಿಂದ ಸುಮಾರು 10 ಕಿಲೋಮೀಟರು ಹೋಗಿ, ಅಷ್ಟೇ ದೂರ ಹಿಂದಿರುಗಬೇಕು. ಭೂಪಟದಲ್ಲಿ ಇದು ಸುತ್ತು ದಾರಿ. ಗಡಿಯಾರದಲ್ಲಿ ಇದೇ ಹತ್ತಿರದ ದಾರಿ. ಮರದ ನೆರಳಿನಲ್ಲಿ ಬುತ್ತಿಯ ಪುಳಿಯೋಗರೆ, ಮೊಸರನ್ನಗಳನ್ನುಂಡು, ಶಿಲ್ಪಗಳನ್ನು ನೋಡಿ, ಬಿಸಿಲು ಇಳಿದ ಮೇಲೆ ತಲಕಾಡಿಗೆ ಹೊರಟೆವು.

ದಾರಿಯಲ್ಲಿ ಸಿಕ್ಕುವ ಮುಡುಕುತೊರೆಯ ಬೆಟ್ಟವನ್ನು ಹತ್ತಲಿಲ್ಲ. ತಾಯಿಯವರ ಮೊಣಕಾಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ಕೆಳಗಿನಿಂದಲೇ ಮಲ್ಲಿಕಾರ್ಜುನನಿಗೆ ನಮಸ್ಕರಿಸಿದೆವು. ಎಲ್ಲವನ್ನೂ ನೋಡಬೇಕೆಂಬ ಹಟದಿಂದ ಯಾವುದನ್ನೂ ನೆಮ್ಮದಿಯಾಗಿ ನೋಡದವರೇ ಹೆಚ್ಚು.

ತಲಕಾಡಿನಲ್ಲಿ ಮರಳು ತಣ್ಣಗಾಗಿತ್ತು. ವೈದ್ಯೇಶ್ವರನ ಬಾಗಿಲು ತೆರೆದಿತ್ತು. ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡ ತಾಯಿಯವರು ಹಿಂದಿರುಗುವಾಗ ದಾರಿಯುದ್ದಕ್ಕೂ ತಮ್ಮ ಬಾಲ್ಯದ ನಂಜನಗೂಡಿನ ತೇರಿನ ಕಥೆಗಳನ್ನು ಹೇಳುತ್ತಲೇ ಬಂದರು. ಹೋದ ವರ್ಷದ ಮೌನಕ್ಕೆ ಅದು ಬಡ್ಡಿ ಸಹಿತ ಸಂದಾಯವಾಯಿತು.