ಹೊಟ್ಟೆ ಬಂದ ಕೌದಿ

ಕಳೆದ ತಿಂಗಳು ಇದೇ ಅಂಕಣದಲ್ಲಿ ಹಳೆಯ ಮದುವೆ ಕಾರ್ಡುಗಳನ್ನು ಷಟ್ಕೋನವಾಗಿ ಕತ್ತರಿಸಿ, ಅವುಗಳ ಮೇಲೆ ಬಟ್ಟೆ ಮಡಚಿ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಕೂತು ಒಂದಕ್ಕೊಂದು ಜೋಡಿಸುವ ಬಗೆ ಹೇಳಿದ್ದೆ. ಎದುರಿನ ಸೀಟಿನಲ್ಲಿ ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರೆ ಈಚೆ ನಾನು ಷಟ್ಕೋನ ಹೊಲಿಯುತ್ತೇನೆ, ಡೊಂಬಿವಲಿಯಿಂದ ಸಿ.ಎಸ್.ಎಂ.ಟಿ. ತಲುಪುವಷ್ಟರಲ್ಲಿ ನಾಲ್ಕಾದರೂ ಆಗುತ್ತವೆ ಎಂದು ಸ್ವಲ್ಪ ಜಂಬದಿಂದಲೇ ಬರೆದಿದ್ದೆ. ಈ ತಿಂಗಳು ಆ ಜಂಬ ಇಳಿದ ಕತೆ.

ಮಗಳ ಬಾಣಂತನ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ಶ್ರಾವಣದಲ್ಲಿ ದಿನ ತುಂಬುವುದಿತ್ತು. ಯುಗಾದಿ ಮುಗಿಸಿಕೊಂಡು ರೋಣ ತಾಲೂಕಿನ ಊರಿನಿಂದ ನಮ್ಮ ಅತ್ತೆಯೂ ಬಂದರು. ಎಂಬತ್ತು ದಾಟಿದ ಜೀವ. ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ, ನೋಟ ಚೆನ್ನಾಗಿದೆ, ಆದರೆ ಬಲಗೈ ನಡುಗುತ್ತದೆ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಹೊಲ, ಹಿತ್ತಲು, ಹರಟೆಗೆ ಓಣಿ ಇದ್ದವರು ಒಂದು ರೂಮು-ಹಾಲಿನ ಫ್ಲ್ಯಾಟಿನಲ್ಲಿ ದಿನವಿಡೀ ಕಿಟಕಿಯ ಗ್ರಿಲ್ ಹಿಡಿದು ಕೂತಿರುತ್ತಿದ್ದರು. ನಾನು ಆಫೀಸಿನಿಂದ ಬಂದ ಮೇಲೆ ನನ್ನ ಹೊಲಿಗೆ ನೋಡುವುದೊಂದೇ ಅವರಿಗೆ ಹೊತ್ತು ಕಳೆಯುವ ದಾರಿ.

ನನ್ನ ಹೊಲಿಗೆಯ ಸಂಸಾರ ನಿಮಗೆ ಗೊತ್ತೇ ಇದೆ. ಐದು ವರ್ಷದಿಂದ ವಿಡಿಯೋ ನೋಡಿ ಕಲಿತದ್ದು. ಹಸಿರು ಮ್ಯಾಟು, ಪಾರದರ್ಶಕ ಸ್ಕೇಲು, ಪಿಜ್ಜಾ ಕತ್ತರಿಸುವ ಚಕ್ರದಂಥ ರೋಟರಿ ಕಟರು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಈ ಕಟರನ್ನು ತಂದದ್ದು ಬಟ್ಟೆ ಹೊಲಿಯುವವರಿಗಾಗಿ. ಅಮೆರಿಕದ ಕ್ವಿಲ್ಟಿನ ಹೆಂಗಸರು ಅದನ್ನು ತಮ್ಮದಾಗಿಸಿಕೊಂಡರು. ಅಲ್ಲಿಂದಾಚೆ ಆ ಲೋಕದಲ್ಲಿ ಕಾಲಿಂಚಿನ ಹೊಲಿಗೆಯೇ ವೇದ. ಅಂದರೆ ತುಂಡಿನ ಅಂಚಿನಿಂದ ಹೊಲಿಗೆಗೆ ಕಾಲು ಇಂಚು ದೂರ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇದನ್ನು ಬರೀ ಮಡಿವಂತಿಕೆ ಎನ್ನಬೇಡಿ. ಒಂದು ಸಾಲಿನಲ್ಲಿ 13 ಚೌಕ ಇದ್ದರೆ 12 ಹೊಲಿಗೆ ಬೀಳುತ್ತವೆ. ಪ್ರತಿ ಹೊಲಿಗೆಯೂ ಒಂದು ಇಂಚಿನ ಹದಿನಾರನೇ ಒಂದು ಪಾಲಿನಷ್ಟು ಒಳಗೆ ಸರಿದರೆ ಎರಡೂ ಬದಿ ಸೇರಿ ಎಂಟನೇ ಒಂದು ಪಾಲು ನುಂಗಿತು. ಹನ್ನೆರಡು ಹೊಲಿಗೆಗೆ ಒಂದೂವರೆ ಇಂಚು ಹೋಯಿತು. ಪಕ್ಕದ ಸಾಲು ಸರಿಯಿದ್ದರೆ ಇದಕ್ಕೆ ಅದು ಕೂಡುವುದೇ ಇಲ್ಲ. ಮೊದಲ ವರ್ಷ ನಾನು ಬಿಚ್ಚಿದಷ್ಟು ಹೊಲಿಗೆ ಹಾಕಿರಲಿಲ್ಲ.

ಅತ್ತೆ ಒಂದು ವಾರ ಸುಮ್ಮನೆ ನೋಡಿದರು. ಮಂಗಲದಾಸ್ ಮಾರ್ಕೆಟ್ಟಿನಿಂದ ತಂದ ಮೂರು ಬಗೆಯ ಹತ್ತಿ ಬಟ್ಟೆಯನ್ನು ನಾನು ಮೂರೂವರೆ ಇಂಚಿನ ಚೌಕ ಮಾಡುತ್ತಿದ್ದಾಗ ತಡೆಯಲಾಗಲಿಲ್ಲ.

"ಯವ್ವಾ, ಹೊಸಾ ಅರಿವಿ ಹರದು ಮತ್ತ ಕೂಡಸ್ತೀಯಲ್ಲ, ಮೊದಲs ಕೂಡಿತ್ತಲ್ಲ ಅದು!"

ಉತ್ತರ ನನ್ನಲ್ಲಿ ಇರಲಿಲ್ಲ. ಈಗಲೂ ಇಲ್ಲ.

ಹುಟ್ಟದ ಮಗುವಿಗೆ ಹೊಸದನ್ನು ತಂದಿಡಬಾರದು ಎನ್ನುವುದು ಅವರ ಲೆಕ್ಕ. ಹಳೆಯದರಿಂದ ಮಾಡಿಟ್ಟರೆ ದೋಷವಿಲ್ಲ. ಊರಿನಿಂದ ತಂದ ಗಂಟು ಬಿಚ್ಚಿದರು. ಒಳಗೆ ಅವರವೇ ಎರಡು ಇಳಕಲ್ ಸೀರೆ, ತೊಳೆದು ತೊಳೆದು ಮಗುವಿನ ಕೆನ್ನೆಯಷ್ಟು ಮೆತ್ತಗಾದವು. ಜೊತೆಗೊಂದು ಬೇರೆಯೇ ಮಡಿಕೆ. ಅವರ ಅವ್ವನ ಸೀರೆಯ ಸೆರಗು, ಕೆಂಪಿನ ಮೇಲೆ ಬಿಳಿಯ ಟೋಪಿ ತೆನಿ. ಸೀರೆ ಉಳಿದಿಲ್ಲ, ಸೆರಗೊಂದೇ ಉಳಿದದ್ದು. "ಇದನ್ನ ಹಾಕೂದು ಬ್ಯಾಡ, ಬರೇ ತೋರಸಾಕ ತಂದೀನಿ" ಎಂದು ಮತ್ತೆ ಮಡಚಿಟ್ಟರು. ಮರಿಮೊಮ್ಮಗುವಿಗೆ ಕೌದಿ ತಾವೇ ಹೊಲಿಯಬೇಕೆಂದು ಬಂದಿದ್ದರು. ಎರಡು ದಿನ ಪ್ರಯತ್ನಿಸಿದರು. ನಡುಗುವ ಕೈಯಲ್ಲಿ ಸೂಜಿ ನಿಲ್ಲಲಿಲ್ಲ. ಮೂರನೆಯ ದಿನ ಬೆರಳಿಗೆ ಚುಚ್ಚಿ ರಕ್ತ ಬಂದಾಗ ಎಲ್ಲವನ್ನೂ ನನ್ನ ಮುಂದೆ ಸರಿಸಿದರು. ಅವರು ಬಾಯಲ್ಲಿ ಹೇಳುವುದು, ನಾನು ಕೈಯಲ್ಲಿ ಮಾಡುವುದು ಎಂದಾಯಿತು.

ನಮ್ಮ ಕಡೆಯವರಿಗೆ ಕೌದಿ ಏನೆಂದು ಹೇಳಬೇಕಿಲ್ಲ. ದಕ್ಷಿಣದವರಿಗೆ ಸುಧಾ ಮೂರ್ತಿಯವರ 'ತ್ರೀ ಥೌಸಂಡ್ ಸ್ಟಿಚಸ್' ನೆನಪಾದೀತು, ಮೂರು ಸಾವಿರ ದೇವದಾಸಿ ಹೆಣ್ಣುಮಕ್ಕಳು ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕಿ ಕೊಟ್ಟ ಹೊದಿಕೆಯ ಪ್ರಸಂಗ. ಕೌದಿಗೆ ಒಳಗೆ ಹತ್ತಿ ತುಂಬುವುದಿಲ್ಲ. ಹಳೆಯ ಬಟ್ಟೆಯ ಮೇಲೆ ಹಳೆಯ ಬಟ್ಟೆ, ಅಷ್ಟೇ. ಮುಂಬೈಗೆ ಇದಕ್ಕಿಂತ ಸರಿಯಾದದ್ದಿಲ್ಲ ಎನ್ನುವುದು ನನಗೆ ತಡವಾಗಿ ಹೊಳೆಯಿತು. ನನ್ನ ಮೊದಲ ಕ್ವಿಲ್ಟಿಗೆ ದಪ್ಪ ಹತ್ತಿಯ ಪದರ ಹಾಕಿದ್ದೆ. ಜುಲೈನಲ್ಲಿ ಒಗೆದದ್ದು ನಾಲ್ಕು ದಿನವಾದರೂ ಒಣಗದೆ ಬೂಸ್ಟು ಹಿಡಿದು ಕೊನೆಗೆ ವಾಚ್‌ಮನ್ನನ ನಾಯಿಯ ಹಾಸಿಗೆಯಾಯಿತು.

ಅತ್ತೆಯ ಮೊದಲ ಪಾಠ ಕತ್ತರಿಯನ್ನೇ ದೂರ ಇಡಿಸಿತು. ಅಂಚಿನಲ್ಲಿ ಚಿಕ್ಕದೊಂದು ಕಚ್ಚು ಕೊಟ್ಟು ಎರಡೂ ಕೈಯಿಂದ ಪರ್ ಎಂದು ಹರಿಯಬೇಕು. ಹರಿದ ಬಟ್ಟೆ ಎಳೆಯ ಜಾಡು ಹಿಡಿದೇ ಹೋಗುತ್ತದೆ, ಸೊಟ್ಟ ಹೋಗಲು ಅದಕ್ಕೆ ಬರುವುದಿಲ್ಲ. ನಾನು ಸಾವಿರಾರು ರೂಪಾಯಿಯ ಮ್ಯಾಟು, ಸ್ಕೇಲು ಇಟ್ಟುಕೊಂಡು ಸಾಧಿಸುವ ನೇರ ಅವರಿಗೆ ಪುಕ್ಕಟೆ ಸಿಗುತ್ತಿತ್ತು. ಎರಡನೆಯ ಪಾಠ, ಸೀರೆಯ ದಡಿ ಬಿಚ್ಚಿ ಬೇರೆ ಇಡುವುದು. ಒಡಲು ನೂಲಿನದು, ದಡಿ ರೇಷ್ಮೆಯದೋ ಕೃತಕ ರೇಷ್ಮೆಯದೋ. ನೀರಿಗೆ ಬಿದ್ದರೆ ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ನಡುವೆ ಸೇರಿಸಿದರೆ ಸುಕ್ಕು ಗ್ಯಾರಂಟಿ, ಸುತ್ತಲಿನ ಅಂಚಿಗಾದರೆ ಶೋಭೆ.

ಮೂರನೆಯ ಪಾಠದಲ್ಲೇ ನಾನು ಎಡವಿದ್ದು. ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ಒಂದು ಮೂಲೆಯಲ್ಲಿ ಹಿಡಿದ ದಾರ ನಾಲ್ಕೂ ಬದಿ ಸುತ್ತಿ, ಒಂದು ಬೆರಳು ಒಳಗೆ ಸರಿದು ಮತ್ತೆ ಸುತ್ತುತ್ತ, ರಂಗೋಲಿಯ ಚೌಕಮಂಡಲದಂತೆ ನಡುವಿಗೆ ಹೋಗಿ ಮುಗಿಯುತ್ತದೆ. ನಮ್ಮ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕವಂದಿಯೂ ಹೀಗೆಯೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಅಂಚಿನ ಊರುಗಳಲ್ಲಿ ಹೊಲಿಯುವ ಈ ಕವಂದಿಗಳನ್ನು ಕಂಡು ಬೆರಗಾದ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಹೆಣ್ಣುಮಕ್ಕಳ ಸಹಕಾರ ಸಂಘವಾಯಿತು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆಯ ಮೇಲೂ ತೂಗಿದವು. ಅವರು ಕವಂದಿಯ ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ 'ಫೂಲ' ಹೊಲಿಯುತ್ತಾರೆ. ಫೂಲ ಇಲ್ಲದ ಕವಂದಿ ಬತ್ತಲೆ ಇದ್ದಂತೆ ಎಂಬ ಮಾತಿದೆ.

ನಾನು ಕಲಿತ ವಿದ್ಯೆ ಇದರ ತದ್ವಿರುದ್ಧ. ಕ್ವಿಲ್ಟನ್ನು ನಡುವಿನಿಂದ ಹೊರಗೆ ಹೊಲಿಯಬೇಕು. ಇರಲಿ, ಎರಡನ್ನೂ ಕೂಡಿಸೋಣ ಎಂದುಕೊಂಡೆ. ಹಳೆಯ ಸೀರೆಯ ತುಂಡುಗಳನ್ನು ನನ್ನ ಕಾಲಿಂಚಿನ ಶಾಸ್ತ್ರದಂತೆ ಮಷೀನಿನಲ್ಲಿ ಜೋಡಿಸಿ 39 ಇಂಚಿನ ಚೌಕ ಮೇಲ್ಪದರ ಮಾಡಿದೆ. ಅದನ್ನು ಅಸ್ತರದ ಮೇಲೆ ಹಾಸಿ, ದೂರ ದೂರ ಕಚ್ಚಾ ಟಾಕು ಹಾಕಿ, ಅತ್ತೆ ಹೇಳಿದ ಹಾಗೆ ಅಂಚಿನಿಂದ ಒಳಗೆ ಕೈಹೊಲಿಗೆ ಹಿಡಿದೆ. ಅತ್ತೆ ಹುಬ್ಬು ಗಂಟಿಕ್ಕಿ, "ಮ್ಯಾಲಿಂದು ಮೊದಲs ಕೂಡಿಸಿ ಬಿಟ್ಟಿಯೇನು?" ಎಂದರು. ಹೌದು, ಚೊಕ್ಕ ಬರುತ್ತದೆ ಎಂದೆ. ಅವರು ಮುಂದೆ ಮಾತಾಡಲಿಲ್ಲ.

ಹನ್ನೊಂದು ರಾತ್ರಿ ಹೊಲಿದೆ. ಪಕ್ಕದ ಮನೆಯ ಮಾವಶಿ ಸಾತಾರಾ ಕಡೆಯವರು, ಅವರಲ್ಲಿ ಇದೇ ಗೋಧಡಿ. ಊಟ ಮುಗಿಸಿ ಅವರೂ ಬಂದು ಕೂರುತ್ತಿದ್ದರು. ಅತ್ತೆಗೆ ಮರಾಠಿ ಬಾರದು, ಅವರಿಗೆ ಕನ್ನಡ ಬಾರದು. ಟಾಕು ಎಂದರೆ ಟಾಂಕಾ ಎಂದು ಇಬ್ಬರಿಗೂ ತಿಳಿಯುತ್ತಿತ್ತು, ಉಳಿದದ್ದು ಕೈಸನ್ನೆ. ನನ್ನ ಹೊಲಿಗೆ ಉದ್ದ ಬಿದ್ದರೆ ಇಬ್ಬರೂ ಒಟ್ಟಿಗೆ ಚ್ಚ್ ಎನ್ನುತ್ತಿದ್ದರು. ಅದಕ್ಕೆ ಮಾತ್ರ ಅನುವಾದ ಬೇಕಾಗಲಿಲ್ಲ.

ಹನ್ನೊಂದನೆಯ ರಾತ್ರಿ ನಡುವಿನಲ್ಲಿ ಒಂದು ಗೇಣಗಲ ಉಳಿದಿತ್ತು. ಕೌದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ಸವರಿದೆ. ನಡುವಿನ ಬಟ್ಟೆ ಪೂರಿಯಂತೆ ಉಬ್ಬಿ ನಿಂತಿತು. ಎತ್ತ ಒತ್ತಿದರೂ ಇನ್ನೊಂದು ಕಡೆ ಏಳುತ್ತಿತ್ತು.

"ಹೊಟ್ಟಿ ಬಂತು ನೋಡು ಅದಕ್ಕ" ಎಂದರು ಅತ್ತೆ. ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಎಂಟು ತಿಂಗಳ ಮಗಳು ಬಿದ್ದು ಬಿದ್ದು ನಕ್ಕಳು.

ಏಕೆ ಹೀಗಾಯಿತು ಎನ್ನುವುದು ಕ್ವಿಲ್ಟು ಹೊಲಿಯುವ ಎಲ್ಲರಿಗೂ ಉಪಯೋಗದ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸೂಜಿ ಪದರಗಳನ್ನು ಹಾಯುವಾಗಲೆಲ್ಲ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ನಡುವಿನಿಂದ ಹೊರಗೆ ಹೊಲಿದರೆ ಈ ಹೆಚ್ಚಳವೆಲ್ಲ ಅಂಚಿಗೆ ಬರುತ್ತದೆ, ಕೊನೆಗೆ ಅಂಚು ಸಮ ಮಾಡುವಾಗ ಕತ್ತರಿಸಿ ಹೋಗುತ್ತದೆ. ಅಂಚಿನಿಂದ ಒಳಗೆ ಹೊಲಿದರೆ ನಾಲ್ಕೂ ಬಾಗಿಲು ಮೊದಲೇ ಮುಚ್ಚಿರುತ್ತವೆ, ಹೆಚ್ಚಳ ನಡುವಿಗೆ ಬಂದು ಸಿಕ್ಕಿಬೀಳುತ್ತದೆ. ಹಾಗಾದರೆ ಕೌದಿ ಹೊಲಿಯುವವರಿಗೆ, ಸಿದ್ದಿಗಳಿಗೆ ಹೊಟ್ಟೆ ಬರುವುದಿಲ್ಲ ಏಕೆ? ಅವರಲ್ಲಿ ಮೇಲ್ಪದರ ಎಂಬುದು ಮೊದಲೇ ಇರುವುದಿಲ್ಲ. ಅಸ್ತರವೊಂದನ್ನೇ ಹಾಸಿ, ಅಂಚಿನಲ್ಲಿ ಒಂದು ತುಂಡು ಇಟ್ಟು ಹೊಲಿದು, ಅದರ ತುದಿಯ ಮೇಲೆ ಮುಂದಿನ ತುಂಡನ್ನು ಅಂಚು ಮಡಚಿ ಇಟ್ಟು ಹೊಲಿಯುತ್ತ ಹೋಗುತ್ತಾರೆ. ಒಂದರ ಹೆಚ್ಚಳ ಇನ್ನೊಂದರ ಕೆಳಗೆ ಅಡಗುತ್ತದೆ. ಕೊನೆಯ ತುಂಡನ್ನು ಉಳಿದ ಜಾಗ ನೋಡಿಯೇ ಹರಿಯುತ್ತಾರೆ. ಅಳತೆ ಮುಂಚೆ ಇಲ್ಲ, ಆಮೇಲೆ. ಅತ್ತೆಯ ಪ್ರಶ್ನೆಯಲ್ಲಿ ಇದಿಷ್ಟೂ ಇತ್ತು. ನನಗೆ ಕೇಳಿಸಿದ್ದು ಹಳ್ಳಿಯವರ ಗೊಣಗಾಟ ಮಾತ್ರ.

ಪೂರಾ ಬಿಚ್ಚುತ್ತೇನೆ ಎಂದೆ. ಹೊರಗೆ ಆಷಾಢದ ಮಳೆ, ದಿನ ಹತ್ತಿರವಾಗುತ್ತಿತ್ತು. ಹಳೆಯ ಸೀರೆಗೆ ಎರಡನೆಯ ಸಲ ಸೂಜಿ ಹಾಯಿಸಿದರೆ ಬಟ್ಟೆ ಜಾಳಾಗುವುದೂ ಖಂಡಿತ. ಅತ್ತೆ ಬೇಡ ಎಂದರು. ಉಬ್ಬಿದ್ದನ್ನು ಚಿವುಟಿ ಎರಡು ನಿರಿಗೆ ಹಿಡಿಯಲು ಹೇಳಿ, ಒಂದೊಂದನ್ನು ಒಂದೊಂದು ಕಡೆಗೆ ಮಲಗಿಸಿದರು. ಕೌದಿ ಮಟ್ಟಸವಾಯಿತು, ಆದರೆ ನಡುವೆ ಹಳೆಯ ಗಾಯದಂತೆ ಎರಡು ಗೆರೆ. ಮುಚ್ಚಲು ಒಂದು ತುಂಡು ಬೇಕು. ನಾನು ಚೀಲದಲ್ಲಿ ಹುಡುಕುತ್ತಿದ್ದಾಗ ಅವರು ಎದ್ದು ಹೋಗಿ ತಮ್ಮ ಗಂಟಿನಿಂದ ಅವ್ವನ ಸೆರಗು ತಂದು ನನ್ನ ತೊಡೆಯ ಮೇಲೆ ಹಾಕಿದರು.

"ಅತ್ತಿ, ಇದು ಬ್ಯಾಡಂದಿದ್ರಿ."

"ಬ್ಯಾಡಾಗಿತ್ತು. ಈಗ ಬೇಕಾಗೈತಿ. ಹರಿ."

ಹರಿಯಲು ನನ್ನ ಕೈ ಬರಲಿಲ್ಲ. ನಾನು ಒಂದು ತುದಿ ಹಿಡಿದೆ, ಅವರು ಇನ್ನೊಂದು ತುದಿಯನ್ನು ಹಿಡಿದು ಎಳೆದರು. ನಡುಗುವ ಕೈಯಾದರೂ ಆ ಎಳೆತಕ್ಕೆ ಬಲವಿತ್ತು. ಸೆರಗಿನ ರೇಷ್ಮೆ ನೂಲಿನಂತೆ ಕುಗ್ಗುವುದಿಲ್ಲ, ನಡುವೆ ಹಾಕಬಾರದು ಎಂದು ನೀವೇ ಕಲಿಸಿದಿರಲ್ಲ ಎಂದು ನಾನು ನೆನಪಿಸಿದೆ. ಸುಕ್ಕು ಬಂದರೆ ಬರಲಿ ಎಂದರು. ಬಂದಿದೆ ಕೂಡ, ನಾಲ್ಕು ಒಗೆತ ಆದಮೇಲೆ ಆ ಕೆಂಪು ಚೌಕ ಅತ್ತೆಯ ಮುಖದಷ್ಟೇ ನಿರಿಗೆಗಟ್ಟಿದೆ.

ಕೊನೆಯ ಬದಿ ಮುಚ್ಚುವ ಮುನ್ನ ಐದು ಕಾಳು ಜೋಳ ಒಳಗೆ ಹಾಕಿಸಿದರು. ಕೌದಿ ಉಪವಾಸ ಇರಬಾರದಂತೆ. ಇರುವೆ ಬರುತ್ತವೆ ಎಂದು ನಾನು ಗೊಣಗಿದೆ. ಮಾವಶಿ ಮಾತ್ರ ತಲೆಯಾಡಿಸಿ, ತಮ್ಮಲ್ಲಿ ಭಾಕರಿಯ ಚೂರು ಇಡುತ್ತಾರೆ ಎಂದು ಕೈಯಲ್ಲಿ ರೊಟ್ಟಿ ತಟ್ಟಿ ತೋರಿಸಿದರು.

ನನ್ನ ಸಾಮಾನಿನಲ್ಲಿ ಅತ್ತೆ ಒಪ್ಪಿಕೊಂಡದ್ದು ಒಂದೇ ಒಂದು. ಗುಂಡುಪಿನ್ನಿನ ಬದಲು ಬಟ್ಟೆಯಂಚು ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪುಗಳು. ಸೂಜಿ ನಿಲ್ಲದ ಕೈಯಲ್ಲಿ ಕ್ಲಿಪ್ಪು ನಿಲ್ಲುತ್ತದೆ. ಹೊಸ ಕೌದಿಯೊಂದಕ್ಕೆ ಅವರೇ ತುಂಡು ಹರಿದು, ಅಂಚು ಮಡಚಿ, ಕ್ಲಿಪ್ಪು ಹಾಕಿ, ಹಾಸಿದ ಅಸ್ತರದ ಮೇಲೆ ಸಾಲಾಗಿ ಇಡುತ್ತಿದ್ದಾರೆ. ರಾತ್ರಿ ಬಂದು ಅವರಿಟ್ಟ ಹಾಗೆ ಹೊಲಿಯುವುದು ನನ್ನ ಕೆಲಸ. ಮರಿಮೊಮ್ಮಗಳು ಪಕ್ಕದಲ್ಲೇ ಮೊದಲ ಕೌದಿಯ ಮೇಲೆ ಕಾಲು ಬಡಿಯುತ್ತಿರುತ್ತಾಳೆ.

ಇದು ಯಾರಿಗೆ ಎಂದು ಕೇಳಿದೆ. ನನ್ನ ಮಗನ ಹೆಸರು ಹೇಳಿದರು, ಅವನ ಕೂಸಿಗಂತೆ. ಅತ್ತಿ, ಅವನಿಗೆ ಇನ್ನೂ ಮದುವೆಯೇ ಆಗಿಲ್ಲ ಎಂದೆ.

"ಅದಕ್ಕs ಹೇಳೂದು," ಎಂದು ಇನ್ನೊಂದು ಕ್ಲಿಪ್ಪು ಹಾಕಿದರು, "ಈ ಸಲ ಅವಸರ ಮಾಡಬ್ಯಾಡ."