ಸೋತಾಗ ಆ ಗೇಮು ಏನು ಕೇಳುತ್ತೆ? ಮೊದಲು ಅದನ್ನು ನೋಡಿ

ಊರಲ್ಲಿ ಯಾವ ಹುಡುಗ ಸಾಲ ಮಾಡಿಕೊಂಡು ಓಡಿಹೋದರೂ ‘ಮೊಬೈಲ್ ಗೇಮ್ ಚಟ’ ಅಂತಲೇ ಸುದ್ದಿಯಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಯಾರು ಫೇಲಾದರೂ ಅದೇ ಮಾತು. ಸುದ್ದಿ ಇರುವುದು ರಮ್ಮಿಯಲ್ಲಿ ದುಡ್ಡು ಕಳೆದುಕೊಂಡವನದ್ದು, ಪಕ್ಕದಲ್ಲಿ ಡೆಸ್ಕಿನವರು ಹಾಕುವುದು ಬಂದೂಕು ಹಿಡಿದ ಪಬ್‌ಜಿ ಬೊಂಬೆಯ ಚಿತ್ರ. ಕಟ್ಟೆ ಮೇಲೆ ಕೂತ ಹಿರಿಯರ ಲೆಕ್ಕವೂ ಅಷ್ಟೇ. ಚೆಸ್ ಆಡುವ ಹುಡುಗಿ, ಲೂಡೊ ಆಡುವ ಅಜ್ಜಿ, ಐಪಿಎಲ್ ಮೇಲೆ ದುಡ್ಡು ಕಟ್ಟುವ ಅಳಿಯ, ಎಲ್ಲರೂ ‘ಇಪ್ಪತ್ನಾಕು ತಾಸು ಮೊಬೈಲ್ ಒತ್ತೋರು’.

ಜೋಳದ ದಂಟು, ಕಳೆ, ಹಾವು ಎಲ್ಲವನ್ನೂ ಒಂದೇ ಹೊರೆ ಕಟ್ಟಿ ತಲೆ ಮೇಲೆ ಹೊತ್ತರೆ ಕಚ್ಚುವುದು ಯಾವುದು ಅಂತ ತಿಳಿಯುವುದಿಲ್ಲ.

ಗೇಮ್ ಆಡದವರು ಗೇಮ್ ಬಗ್ಗೆ ಬರೆದದ್ದನ್ನು ನೀವು ಬೇಕಾದಷ್ಟು ಓದಿದ್ದೀರಿ. ನಾವು ಆಡಿದವರು. ಟಿವಿಗೆ ಸಿಕ್ಕಿಸುವ ಕ್ಯಾಸೆಟ್ ಕಾಲದಿಂದ ಇವತ್ತಿನ ಬಿಜಿಎಂಐವರೆಗೆ ಆಡಿದ್ದೇವೆ, ಈಗಲೂ ಆಡುತ್ತೇವೆ. ಅದಕ್ಕೇ ಒಂದೊಂದರ ಬಗ್ಗೆ ನಮಗೆ ಅನ್ನಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇವೆ, ಒಪ್ಪದವರು ಜಗಳಕ್ಕೆ ಬನ್ನಿ. ನಮ್ಮ ಅಳತೆಗೋಲು ಒಂದೇ. ಗೇಮಿನಲ್ಲಿ ಬಂದೂಕು ಇದೆಯೋ ಇಲ್ಲವೋ ಅನ್ನುವುದಲ್ಲ. ನೀವು ಸೋತಾಗ ಅದು ನಿಮ್ಮಿಂದ ಏನು ಕೇಳುತ್ತದೆ?

ಕಾಂಟ್ರಾದಿಂದ ಶುರು ಮಾಡೋಣ. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ತಂದ ಗೇಮು. ನಮ್ಮ ಕಡೆಗೆ ಬರುವ ಹೊತ್ತಿಗೆ ಹತ್ತು ವರ್ಷದ ಮೇಲಾಗಿತ್ತು. ಬಂದದ್ದೂ ‘9999 ಇನ್ 1’ ಅಂತ ಸುಳ್ಳು ಬರೆದ ಕ್ಯಾಸೆಟ್ಟಿನಲ್ಲಿ. ಎಣಿಸಿದರೆ ಬೆರಳೆಣಿಕೆಯ ಗೇಮು, ಮಿಕ್ಕಿದ್ದೆಲ್ಲ ಅವೇ ತಿರುಗಾಮುರುಗಾ. ಇಡೀ ಗೇಮಿನಲ್ಲಿ ಗುಂಡು ಹೊಡೆಯುವುದು ಬಿಟ್ಟು ಬೇರೆ ಕೆಲಸವಿಲ್ಲ. ಒಂದು ಗುಂಡು ತಾಗಿದರೆ ಒಂದು ಜೀವ ಹೋಯಿತು. ಜೀವಗಳೆಲ್ಲ ಮುಗಿದು, ಕಂಟಿನ್ಯೂಗಳೂ ಮುಗಿದರೆ ಮತ್ತೆ ಮೊದಲನೇ ಸ್ಟೇಜಿನ ಕಾಡಿನಿಂದ ಓಡಬೇಕು.

ಇಬ್ಬರು ಸೇರಿ ಆಡಿದವರಿಗೆ ಮೂರನೇ ಸ್ಟೇಜಿನ ಜಲಪಾತ ಮರೆಯುವಂಥದ್ದಲ್ಲ. ಒಬ್ಬ ಅವಸರ ಮಾಡಿ ಮೇಲಕ್ಕೆ ಜಿಗಿದರೆ ಪರದೆಯೂ ಅವನ ಜೊತೆ ಮೇಲೆ ಸರಿಯುತ್ತಿತ್ತು, ಕೆಳಗೆ ಉಳಿದ ಜೊತೆಗಾರ ಯಾರ ಗುಂಡೂ ತಾಗದೆ ಸುಮ್ಮನೆ ಸಾಯುತ್ತಿದ್ದ. ಇನ್ನೊಂದು ವಿಚಿತ್ರ ಅಂದರೆ, ಒಬ್ಬನ ಜೀವ ಖಾಲಿಯಾದರೆ ಜೊತೆಗಾರನ ಖಾತೆಯಿಂದ ಒಂದು ಜೀವ ಎತ್ತಿಕೊಂಡು ಆಡಬಹುದಿತ್ತು. ಕೇಳದೆ ಎತ್ತಿಕೊಂಡವರ ಜೊತೆ ನಾವು ವಾರಗಟ್ಟಲೆ ಮಾತು ಬಿಟ್ಟದ್ದಿದೆ. ಎಲ್ಲ ದಾಟಿ ಕೊನೆ ಸ್ಟೇಜಿಗೆ ಬಂದಾಗ ಕರೆಂಟು ಹೋಗುತ್ತಿತ್ತು. ಹೋದರೆ ಹೋಯಿತು, ಆಟ ಉಳಿಸಿಡುವ ವ್ಯವಸ್ಥೆಯೇ ಇರಲಿಲ್ಲ. ಹೆಸ್ಕಾಂನವರಿಗೆ ಬೈದು ಹೊರಗೆ ಹೋಗಿ ಚಿನ್ನಿದಾಂಡು ಆಡುತ್ತಿದ್ದೆವು.

ಅಷ್ಟು ಸಲ ಸೋಲಿಸಿದ ಆ ಗೇಮು ಒಂದು ಪೈಸೆ ಕೇಳಲಿಲ್ಲ. ಪೇಟೆಯ ವಿಡಿಯೊ ಗೇಮ್ ಅಂಗಡಿಯವನು ತಾಸಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದ, ನಿಜ. ಆದರೆ ತಾಸು ಮುಗಿದ ಕೂಡಲೇ ರಿಮೋಟ್ ಕಸಿದುಕೊಂಡು ಎಬ್ಬಿಸುತ್ತಿದ್ದವನೂ ಅವನೇ.

ಟಾರ್ಚ್ ಇದ್ದ ನೋಕಿಯಾ 1100ರಲ್ಲಿ ಆಡಿದ ಹಾವಿನ ಆಟಕ್ಕೆ ನಮ್ಮ ಕಡೆಯಿಂದ ನೂರಕ್ಕೆ ನೂರು. ತಿಂದಷ್ಟೂ ಉದ್ದವಾಗುತ್ತದೆ, ಉದ್ದವಾದಷ್ಟೂ ತನ್ನ ಬಾಲಕ್ಕೆ ತಾನೇ ಸಿಕ್ಕಿ ಸಾಯುತ್ತದೆ. ನೆಟ್ಟು ಬೇಡ, ಜಾಹೀರಾತಿಲ್ಲ, ಬ್ಯಾಟರಿಯೂ ಇಳಿಯುತ್ತಿರಲಿಲ್ಲ. ಇದಕ್ಕಿಂತ ಹೆಚ್ಚಿಗೆ ಹೇಳುವುದೇನಿಲ್ಲ.

ಈಗ ಕ್ಯಾಂಡಿ ಕ್ರಷ್. ಇದನ್ನು ಯಾರೂ ಬೈಯುವುದಿಲ್ಲ, ಯಾಕೆಂದರೆ ಇದರಲ್ಲಿ ರಕ್ತವಿಲ್ಲ, ಬರೀ ಬಣ್ಣದ ಮಿಠಾಯಿ. ಸರ್ಕಾರಿ ಕಚೇರಿಯಲ್ಲಿ ‘ಸರ್ವರ್ ಡೌನ್’ ಅಂತ ನಮ್ಮನ್ನು ಕೂರಿಸಿ ಟೇಬಲ್ ಕೆಳಗೆ ಇದನ್ನೇ ಆಡುವವರನ್ನು ಕಂಡಿದ್ದೇವೆ. 2012ರಲ್ಲಿ ಬಂದ ಈ ಗೇಮು ಕೊಡುವುದು ಐದು ಜೀವ. ಸೋತರೆ ಒಂದು ಹೋಗುತ್ತದೆ, ಅದು ವಾಪಸ್ ಬರಲು ಅರ್ಧ ತಾಸು ಕಾಯಬೇಕು. ಕಾಯಲಾರೆಯಾ? ದುಡ್ಡು ಕೊಡು. ಇನ್ನು ಎರಡು ಹೆಜ್ಜೆ ಇದ್ದಿದ್ದರೆ ಗೆಲ್ಲುತ್ತಿದ್ದೆ ಅನ್ನುವಾಗಲೇ ಆಟ ನಿಲ್ಲುತ್ತದೆ, ಆ ಹೆಜ್ಜೆಗಳನ್ನು ಮಾರಲು ಕೈ ಚಾಚುತ್ತದೆ. ಕಾಂಟ್ರಾದಲ್ಲಿ ನೂರಾರು ಜನರನ್ನು ಸುಟ್ಟರೂ ಜೇಬು ಹಾಗೇ ಇರುತ್ತಿತ್ತು. ಇಲ್ಲಿ ಮಿಠಾಯಿ ಒಡೆಯಲು ಬಡ್ಡಿ. ಯಾವುದು ಸಭ್ಯ ಗೇಮು, ನೀವೇ ಹೇಳಿ.

ನಮ್ಮ ರೈತ ಓದುಗರಿಗೆ ಹೇಳಲೇಬೇಕಾದ ಇನ್ನೊಂದು ಗೇಮಿದೆ, ಹೇ ಡೇ. ಫಿನ್ಲೆಂಡಿನ ಸೂಪರ್‌ಸೆಲ್ ಕಂಪನಿಯದ್ದು. ಇದು ಒಕ್ಕಲುತನದ ಗೇಮು. ಗೋಧಿ ಬಿತ್ತಿದರೆ ಎರಡು ನಿಮಿಷಕ್ಕೆ ಕೊಯ್ಲು. ಗೋವಿನಜೋಳಕ್ಕೆ ಐದು ನಿಮಿಷ. ಮಳೆ ತಪ್ಪುವುದಿಲ್ಲ, ಸೈನಿಕ ಹುಳ ಬರುವುದಿಲ್ಲ, ವಾರಗಟ್ಟಲೆ ನೋಡದೆ ಬಿಟ್ಟರೂ ಬೆಳೆ ಒಣಗುವುದಿಲ್ಲ. ಯೂರಿಯಾಕ್ಕೆ ಸೊಸೈಟಿ ಮುಂದೆ ಚಪ್ಪಲಿ ಸಾಲು ಇಡಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡ ಸುಳ್ಳು ಯಾವುದು ಗೊತ್ತೇನು? ಹೊಲದ ಬದಿಗೆ ಒಂದು ಗೂಡಂಗಡಿ ಇರುತ್ತದೆ, ಅಲ್ಲಿ ಬೆಳೆದವನೇ ಬೆಲೆ ಇಡುತ್ತಾನೆ! ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲದ ಮೇಲೆ ತಲೆಯಿಟ್ಟು ಮಲಗಿ ದರಕ್ಕೆ ಕಾದವರು ಇದನ್ನು ಆಡಿದರೆ ನಗಬೇಕೋ ಅಳಬೇಕೋ.

ಆದರೂ ನಮಗೆ ಇಷ್ಟವಾದ ಗೇಮಿದು. ಒಂದೇ ತಕರಾರು. ಮುಂದೆ ಹೋದಂತೆ ಎಲ್ಲವೂ ನಿಧಾನವಾಗುತ್ತದೆ, ಬೇಗ ಬೇಕು ಅಂದರೆ ‘ಡೈಮಂಡ್’ ಕೊಳ್ಳಬೇಕು. ನಿಜದ ಹೊಲದಲ್ಲಿ ಗೋವಿನಜೋಳ ಮೂರು ಮೂರೂವರೆ ತಿಂಗಳು ತೆಗೆದುಕೊಳ್ಳುತ್ತದೆ, ಯಾರು ಎಷ್ಟು ದುಡ್ಡು ಸುರಿದರೂ ಮೂರು ದಿನಕ್ಕೆ ಬಾ ಅಂದರೆ ಬರುವುದಿಲ್ಲ. ಕಾಯುವುದನ್ನು ಕಲಿತ ಮಕ್ಕಳಿಗೆ ಕಾಯುವುದೇ ಶಿಕ್ಷೆ ಅಂತ ಹೇಳಿಕೊಡುವ ಗೇಮನ್ನು ಒಕ್ಕಲುತನದ ಗೇಮು ಅಂತ ಕರೆಯುವುದು ಹೇಗೆ?

ಇನ್ನು ಎಲ್ಲರೂ ಕಾಯುತ್ತಿರುವ ಪಬ್‌ಜಿ, ಅಂದರೆ ಈಗಿನ ಬಿಜಿಎಂಐ. ಕೇಳಿ, ಇದು ಒಳ್ಳೆಯ ಗೇಮು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಎರಂಗೆಲ್ ದ್ವೀಪಕ್ಕೆ ನೂರು ಜನ ಬರಿಗೈಯಲ್ಲಿ ವಿಮಾನದಿಂದ ಜಿಗಿಯುತ್ತಾರೆ, ಕೊನೆಗೆ ಒಂದು ತಂಡ ಉಳಿಯುತ್ತದೆ. ಪಕ್ಕದ ಹೋಬಳಿಯ ದಾರಿ ಗೊತ್ತಿಲ್ಲದ ಹುಡುಗರಿಗೆ ಪೊಚಿಂಕಿಯಲ್ಲಿ ಯಾವ ಕಿಟಕಿಯಿಂದ ಯಾರು ಹೊಡೆಯಬಹುದು ಅನ್ನುವುದು ಬಾಯಿಪಾಠ. ಬೆಂಗಳೂರಿಗೆ ದುಡಿಯಲು ಹೋದ ಹುಡುಗ, ಊರಲ್ಲೇ ಉಳಿದ ಅವನ ಮೂವರು ಗೆಳೆಯರು ರಾತ್ರಿ ಊಟವಾದ ಮೇಲೆ ಒಂದೇ ತಂಡವಾಗಿ ಆಡುತ್ತಾರೆ. ಆಟದ ನಡುವೆ ‘ನಿಮ್ಮವ್ವಗ ಆರಾಮ ಆತೇನಲೆ’ ಅಂತ ಕೇಳುತ್ತಾರೆ. ಇದನ್ನು ಬರೀ ಚಟ ಅನ್ನುವವರು ಅವರ ಮಾತನ್ನು ಒಮ್ಮೆ ಕಿವಿಗೊಟ್ಟು ಕೇಳಿಲ್ಲ.

ಮಕ್ಕಳು ಹಾಳಾಗುತ್ತಾರೆ ಅಂತ ಸರ್ಕಾರ ಇದನ್ನು ನಿಷೇಧ ಮಾಡಿತ್ತು ಅಂತ ಬಹಳ ಜನ ನಂಬಿದ್ದಾರೆ. ಅಲ್ಲ. 2020ರ ಸೆಪ್ಟೆಂಬರ್ 2ರಂದು 118 ಆಪ್‌ಗಳ ಪಟ್ಟಿಯಲ್ಲಿ ಇದೂ ಹೋಯಿತು. ಗಡಿಯಲ್ಲಿ ಚೀನಾ ಜೊತೆ ಗಲಾಟೆ ನಡೆದ ವರ್ಷ ಅದು, ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ. ನಿಮ್ಮ ಮಗನ ಮಾರ್ಕ್ಸ್ ಕಾರ್ಡಿಗೂ ಅದಕ್ಕೂ ಸಂಬಂಧವಿರಲಿಲ್ಲ. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಬಿಜಿಎಂಐ ಅಂತ ಹೆಸರು ಬದಲಿಸಿ ತಂದಿತು. 2022ರ ಜುಲೈನಲ್ಲಿ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ.

ನಮ್ಮ ಸಿಟ್ಟು ಅದರ ಬಂದೂಕಿನ ಮೇಲಲ್ಲ, ಅಂಗಡಿಯ ಮೇಲೆ. ಹೊಸಬರ ಎದುರಿಗೆ ಮೊದಮೊದಲು ಬರುವವರಲ್ಲಿ ಹೆಚ್ಚಿನವರು ಮನುಷ್ಯರೇ ಅಲ್ಲ, ಕಂಪ್ಯೂಟರ್ ಓಡಿಸುವ ಬಾಟ್‌ಗಳು. ಸುಲಭಕ್ಕೆ ಬೀಳುತ್ತವೆ. ಹುಡುಗ ‘ಚಿಕನ್ ಡಿನ್ನರ್’ ಹೊಡೆದೆ ಅಂತ ಕುಣಿಯುತ್ತಾನೆ. ಗಾಳಕ್ಕೆ ಎರೆಹುಳು ಚುಚ್ಚುವುದು ಅಂದರೆ ಇದು. ಆಮೇಲೆ ಕ್ರೇಟ್ ಎಂಬ ಡಬ್ಬ ಬರುತ್ತದೆ. ಯುಸಿ ಅನ್ನುವ ಗೇಮಿನ ದುಡ್ಡನ್ನು ನಿಜದ ದುಡ್ಡು ಕೊಟ್ಟು ಕೊಳ್ಳಬೇಕು, ಅದರಿಂದ ಡಬ್ಬ ಒಡೆಯಬೇಕು, ಒಳಗೆ ಏನು ಬರುತ್ತದೋ ಒಡೆದವನಿಗೇ ಗೊತ್ತಿಲ್ಲ. ಎಲ್ಲರಿಗೂ ಬೇಕಾದದ್ದು ಹಿಮದ ಬಣ್ಣದ ‘ಗ್ಲೇಸಿಯರ್’ ಎಂ416 ಬಂದೂಕು. ಬರುವುದು ಯಾವುದೋ ಚೊಣ್ಣ, ಟೋಪಿ. ಗ್ಲೇಸಿಯರ್ ಸಿಕ್ಕರೂ ಗುಂಡಿನ ಪೆಟ್ಟು ಗುಲಗಂಜಿಯಷ್ಟೂ ಹೆಚ್ಚುವುದಿಲ್ಲ, ಬಣ್ಣ ಅಷ್ಟೇ.

ಇದು ಲಾಟರಿ ಅಲ್ಲದೆ ಮತ್ತೇನು? 2007ರಲ್ಲಿ ಲಾಟರಿ ನಿಲ್ಲಿಸಿದ ರಾಜ್ಯ ನಮ್ಮದು. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿದು ಬಿಸಾಡಿ ಖಾಲಿ ಕೈಯಲ್ಲಿ ಮನೆಗೆ ಹೋಗುತ್ತಿದ್ದವರನ್ನು ನೋಡಿದ ಊರುಗಳಿವು. ಬೆಲ್ಜಿಯಂ ದೇಶ 2018ರಲ್ಲೇ ಇಂಥ ಡಬ್ಬಗಳನ್ನು ಜೂಜು ಅಂತ ಹೇಳಿತು. ನಮ್ಮಲ್ಲಿ 2021ರಲ್ಲಿ ಬಿಜಿಎಂಐ ಬಂದಾಗ 18 ವರ್ಷದೊಳಗಿನವರು ದಿನಕ್ಕೆ ಮೂರು ತಾಸು ಮಾತ್ರ ಆಡಬೇಕು, ಖರ್ಚು ದಿನಕ್ಕೆ 7000 ರೂಪಾಯಿ ಮೀರಬಾರದು ಅಂತ ಕಂಪನಿಯೇ ಮಿತಿ ಹಾಕಿತು. ಮತ್ತೊಮ್ಮೆ ಓದಿ. ದಿನಕ್ಕೆ 7000. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 289 ರೂಪಾಯಿ. ಅವ್ವ 24 ದಿನ ಕೆರೆಯ ಮಣ್ಣು ಹೊತ್ತ ದುಡ್ಡು ಮಗ ಒಂದು ದಿನಕ್ಕೆ ಡಬ್ಬ ಒಡೆಯಲು ಇಟ್ಟ ‘ಮಿತಿ’! ಮಗುವಿನ ವಯಸ್ಸು ಕಂಪನಿಗೆ ಹೇಗೆ ತಿಳಿಯುತ್ತದೆ ಅಂದಿರಾ? ಮಗುವೇ ಹೇಳಬೇಕು. ಅಪ್ಪನ ನಂಬರಿಗೆ ಒಟಿಪಿ ಬರುತ್ತದೆ. ಅಪ್ಪನ ಫೋನು ಇರುವುದೇ ಮಗುವಿನ ಕೈಯಲ್ಲಿ.

ಇಷ್ಟೆಲ್ಲ ಹೇಳಿದ ಮೇಲೂ ಬಿಜಿಎಂಐ ಒಂದು ಗೇಮು. ದುಡ್ಡು ಹಾಕದೆ ಆಡಬಹುದು, ಗೆಲ್ಲಬಹುದು, ಸೋತರೆ ಮತ್ತೆ ಜಿಗಿಯಬಹುದು. ದುಡ್ಡು ಕಟ್ಟಿ ಆಡುವ ರಮ್ಮಿ, ದುಡ್ಡಿನ ಲೂಡೊ, ಬಣ್ಣದ ಮೇಲೆ ಪಣ ಕಟ್ಟುವ ಆಪುಗಳಿಗೆ ಗೇಮ್ ಅನ್ನುವ ಹೆಸರನ್ನೇ ನಾವು ಕೊಡುವುದಿಲ್ಲ. ಇವು ಸೋತಾಗ ಕೇಳುವುದು ಬೈಕು, ಹೆಂಡತಿಯ ಕಿವಿಯೋಲೆ, ಸಂಘದಲ್ಲಿ ಎತ್ತಿದ ಸಾಲ.

ಜಿಲ್ಲೆಯ ವರದಿಗಾರರಾದ ನಾವು ‘ಇಸ್ಪೀಟು ಅಡ್ಡೆ ಮೇಲೆ ದಾಳಿ, ಆರು ಮಂದಿ ಬಂಧನ, ನಗದು ವಶ’ ಅಂತ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಹುಣಸೆ ಮರದ ಕೆಳಗೆ ಆಡಿದರೆ ಅಪರಾಧ. ಅದೇ ಎಲೆಗಳನ್ನು ಫೋನಿನಲ್ಲಿ ಆಡಿಸಿದ ಕಂಪನಿಗಳಿಗೆ ಸಿನಿಮಾ ನಟರ, ಕ್ರಿಕೆಟ್ ಆಟಗಾರರ ಜಾಹೀರಾತು. ‘ಇದು ಕೌಶಲದ ಆಟ, ಸುಪ್ರೀಂ ಕೋರ್ಟೇ ಹೇಳಿದೆ’ ಅನ್ನುವುದು ಅವರ ವಾದ. ಹೌದು, 1967ರಲ್ಲಿ ಹೇಳಿದೆ. ಅದು ಕ್ಲಬ್ಬಿನಲ್ಲಿ ಮುಖ ನೋಡಿಕೊಂಡು ಕೂತು ಆಡಿದ ರಮ್ಮಿಯ ಕೇಸು. ಕ್ಲಬ್ಬಿಗೆ ಬಾಗಿಲು ಹಾಕುವ ಹೊತ್ತು ಇರುತ್ತದೆ. ಹಾಸಿಗೆಯಲ್ಲಿ ಮಲಗಿ ರಾತ್ರಿ ಎರಡು ಗಂಟೆಗೆ ಮುಖ ಕಾಣದವರ ಜೊತೆ ಆಡುವಾಗ, ಪ್ರತಿ ಆಟದಲ್ಲೂ ಕಂಪನಿ ತನ್ನ ಪಾಲು ಎತ್ತುತ್ತದೆ. ಕೌಶಲ ಯಾರದ್ದು?

ಒಂದು ತಾರೀಕು ನೆನಪಿಡಿ, 2022ರ ಫೆಬ್ರವರಿ 14. ಅವತ್ತು ಕೇಂದ್ರ ಸರ್ಕಾರ 54 ಆಪ್‌ಗಳನ್ನು ನಿಷೇಧಿಸಿದ ಸುದ್ದಿ ಬಂತು, ಅದರಲ್ಲಿ ಹುಡುಗರ ಫ್ರೀ ಫೈರ್ ಕೂಡ ಇತ್ತು. ಅದೇ ದಿನ ಕರ್ನಾಟಕ ಹೈಕೋರ್ಟ್, ದುಡ್ಡಿನ ಆನ್‌ಲೈನ್ ಆಟಗಳನ್ನು ತಡೆಯಲು ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದಿದ್ದ ತಿದ್ದುಪಡಿಯನ್ನು ರದ್ದು ಮಾಡಿತು. ಪುಕ್ಕಟೆ ಬಂದೂಕು ಹೊರಗೆ, ದುಡ್ಡಿನ ಎಲೆ ಒಳಗೆ. 2023ರ ಅಕ್ಟೋಬರ್‌ನಿಂದ ಇದಕ್ಕೆ ಶೇ 28ರ ಜಿಎಸ್‌ಟಿ ಬೇರೆ, ಅಂದರೆ ಸೋಲುವವರಿಂದ ಸರ್ಕಾರಕ್ಕೂ ಪಾಲು.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸುವ ಕಾನೂನು ಮಾಡಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಶಿಕ್ಷೆಯಿಲ್ಲ, ಅದು ಸರಿಯಾಗಿದೆ. ಭಾರತ ತಂಡದ ಅಂಗಿಯ ಮೇಲಿದ್ದ ಡ್ರೀಮ್11 ಹೆಸರೂ ಹೋಯಿತು. ನಾವು ಇದನ್ನು ಬೆಂಬಲಿಸುತ್ತೇವೆ, ಐದು ವರ್ಷ ಮೊದಲೇ ಬರಬೇಕಿತ್ತು ಅನ್ನುತ್ತೇವೆ. ಡಬ್ಬ ಒಡೆಯುವ ವ್ಯಾಪಾರದ ತಂಟೆಗೆ ಮಾತ್ರ ಇನ್ನೂ ಯಾರೂ ಹೋಗಿಲ್ಲ. ಮಕ್ಕಳು ಒಡೆಯುವುದು ಅದನ್ನೇ.

ಹಾಗಾದರೆ ಮಕ್ಕಳಿಗೆ ಯಾವುದು ಹಾಕಿಕೊಡೋಣ ಅಂತ ಕೇಳಿದರೆ, ಲಿಚೆಸ್ ಹಾಕಿಕೊಡಿ. ಫ್ರಾನ್ಸಿನವರೊಬ್ಬರು 2010ರಲ್ಲಿ ಶುರು ಮಾಡಿದ ಚೆಸ್ ಆಪ್. ಪೂರ್ತಿ ಪುಕ್ಕಟೆ, ಒಂದು ಜಾಹೀರಾತಿಲ್ಲ. ಸೋತರೆ ಎಲ್ಲಿ ತಪ್ಪು ನಡೆ ಇಟ್ಟೆ ಅಂತ ತೋರಿಸುತ್ತದೆ, ಅದಕ್ಕೂ ದುಡ್ಡಿಲ್ಲ. ಚೆಸ್ ಬೇಡ ಅನ್ನುವ ಹುಡುಗ ಬಿಜಿಎಂಐ ಆಡಲಿ, ಫ್ರೀ ಫೈರ್ ಮ್ಯಾಕ್ಸ್ ಆಡಲಿ. ಫೋನ್ ಕಸಿದು ಬಾವಿಗೆ ಎಸೆಯುವ ಮೊದಲು ಎರಡು ಕೆಲಸ ಮಾಡಿ. ಪ್ಲೇ ಸ್ಟೋರ್ ತೆರೆದು, ಮೇಲಿನ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಆಮೇಲೆ ನಿಮ್ಮ ಯುಪಿಐ ಪಿನ್ ಬದಲಿಸಿ. ಈಗಿರುವ ಪಿನ್ ಮಗನಿಗೆ ಗೊತ್ತಿದೆ, ನಿಮಗೆ ಫೋನ್‌ಪೇ ಹಾಕಿಕೊಟ್ಟವನೇ ಅವನು.